ಅಗ್ಗೋಲು ಎಂಬ ಮೂಲಪದ

ಕಂಪ್ಲಿ,
ಸೋಮವಾರ, ೧೪ನೇ ಫೆಬ್ರವರಿ ೧೯೩೮

ಪ್ರೀತಿಯ ತಮ್ಮ ಚನ್ನಯ್ಯನಿಗೆ, ಅಲ್ಲಲ್ಲ, ಡಾಕ್ಟರ್ ಚನ್ನಯ್ಯನವರ ಸನ್ನಿಧಾನಕ್ಕೆ, ಅಕ್ಕ ನೀಲಗಂಗಮ್ಮ ಕಂಪ್ಲಿಯಿಂದಲೇ ತಲೆ ನೇವರಿಸಿ ಬರೆಯುವುದು.

ಮೊದಲು ಕ್ಷೇಮ. ಮದರಾಸಿನ ಸೆಕೆಗೆ ನಿನ್ನ ಕುತ್ತಿಗೆಯಲ್ಲಿ ಬೆವರುಸಾಲೆ ಏಳುತ್ತಿತ್ತಲ್ಲ, ಈಗ ಹೇಗಿದೆ? ಡಾಕ್ಟರಾದವರಿಗೆ ಅದೆಲ್ಲ ಏಳುವುದಿಲ್ಲವೆಂದು ನಿಮ್ಮ ಭಾವ ಹೇಳುತ್ತಾರೆ, ನನಗೆ ನಂಬಿಕೆಯಿಲ್ಲ. ಆರು ವರ್ಷದಿಂದ ಮೆತ್ತನೆಯ ಇಡ್ಲಿ ತಿಂದು ನಿನ್ನ ಹಲ್ಲುಗಳು ಸೋಮಾರಿಯಾಗಿರಬೇಕು. ಊರಿಗೆ ಬರುವ ಮನಸ್ಸಾದರೆ ಒಂದು ತಿಂಗಳು ಮುಂಚೆಯೇ ಹುರಿಗಡಲೆ ಕಡಿದು ಸಾಧನೆ ಮಾಡಿಕೊಂಡು ಬಾ. ಇಲ್ಲಿ ನಾವು ಇದ್ದ ಹಾಗೆಯೇ ಇದ್ದೇವೆ. ಹೊಳೆಯ ಮೇಲಿನ ಗಾಳಿ ಎದ್ದರೆ ಅವ್ವನ ಮೊಣಕಾಲು ಹಿಡಿದುಕೊಳ್ಳುತ್ತದೆ, ಗಾಳಿ ಬಿದ್ದರೆ ಬಿಡುತ್ತದೆ. ಕಬ್ಬಿನ ಗಾಣಗಳು ತಿರುಗುತ್ತಿವೆ. ಊರಿಗೆ ಊರೇ ಬೆಲ್ಲದ ವಾಸನೆ. ನನ್ನ ಶಾಲೆಯ ಮೂರನೇ ತರಗತಿಯಲ್ಲಿ ಹನ್ನೊಂದು ಹುಡುಗಿಯರಿದ್ದರು, ಇಬ್ಬರಿಗೆ ಮದುವೆಯಾಗಿ ಈಗ ಒಂಬತ್ತು. ಇಷ್ಟು ನಮ್ಮ ವರ್ತಮಾನ. ಇನ್ನು ನಿನ್ನ ವಿಶ್ವವಿದ್ಯಾನಿಲಯದ್ದು.

ಗುರುವಾರ ನಿನ್ನ ಸಮಿತಿ ಬಂದು ಹೋಯಿತು. ಏನಾಯಿತೆಂದು ತಂತಿ ಕೊಡು ಎಂದು ನೀನು ಬರೆದಿದ್ದೆ. ತಂತಿಯಲ್ಲಿ ಹಿಡಿಸುವಂಥದ್ದಾಗಿದ್ದರೆ ಕೊಡುತ್ತಿದ್ದೆ. ಹಿಡಿಸುವುದಿಲ್ಲ, ಆದ್ದರಿಂದ ಈ ಕಾಗದ. ನಿನ್ನ ವಿಶ್ವವಿದ್ಯಾನಿಲಯದ ಆಕಾರವನ್ನು ನಾನು ಹೀಗೆ ಅರ್ಥ ಮಾಡಿಕೊಂಡಿದ್ದೇನೆ: ಅದರ ತಲೆ ಮದರಾಸಿನಲ್ಲಿ, ಕೈಗಳು ನಾಲ್ಕಾರು ಊರುಗಳ ಕಾಲೇಜುಗಳಲ್ಲಿ, ನಮ್ಮ ಬಳ್ಳಾರಿ ಸೀಮೆ ಅದರ ಬೆನ್ನು. ಅಂದರೆ ಯಾವ ಕೈಯೂ ಎಟುಕದ ಜಾಗ. ಈಗ ಅಲ್ಲೇನೋ ತುರಿಕೆ ಎದ್ದಿರಬೇಕು. ನಮ್ಮ ಮಾತನ್ನೂ ಹಂಪಿಯ ಕಲ್ಲನ್ನೂ ಅಭ್ಯಾಸ ಮಾಡಲು ಹೊಸಪೇಟೆಯಲ್ಲಿ ಒಂದು ಶಾಖೆ ತೆರೆಯುವ ಯೋಚನೆ ಬಂದಿದೆ. ಶಾಖೆಗೆ ಮುಖ್ಯಸ್ಥ ಬೇಕು, ಆ ಕುರ್ಚಿಗೆ ನಿನ್ನ ಹೆಸರಿದೆ, ಆದರೆ ನೀನು ಡಾಕ್ಟರ್ ಪದವಿಗೆ ಬರೆದ ಪುಸ್ತಕದಲ್ಲಿ ಕಂಡುಹಿಡಿದ ಮೂಲಪದ ನಿಜವಾಗಿ ಜನರ ಬಾಯಲ್ಲಿದೆಯೋ ಇಲ್ಲವೋ ಎಂದು ಸಮಿತಿ ಬಂದು ನೋಡಿದ ಮೇಲೆ. ಇದು ನಿನ್ನ ಹಿಂದಿನ ಕಾಗದದ ಮೊದಲನೇ ಪುಟ. ಅದನ್ನು ಓದಿ ಹೇಳಿದಾಗ ಅವ್ವನಿಗೆ ಕೇಳಿಸಿದ್ದು ಒಂದೇ ಶಬ್ದ. “ಹೊಸಪ್ಯಾಟಿ ಅಂದ್ರ ಮುಂಜಾನಿ ಹೊಂಟ್ರ ಊಟದ ಹೊತ್ತಿಗೆ ಬರಬೌದಲ್ಲೇ ಗಂಗಾ” ಅಂದಳು. ಅಂದಿನಿಂದ ಸೋಮವಾರದ ಮೋಟಾರಿನಲ್ಲಿ ನಿನಗೆ ಏನೇನು ಕಳಿಸಬೇಕು, ಗುರೆಳ್ಳು ಪುಡಿ ಯಾವ ಡಬ್ಬಿಯಲ್ಲಿ, ಬೆಣ್ಣೆ ಯಾವ ಗಡಿಗೆಯಲ್ಲಿ ಎಂದು ಅವಳ ಮನಸ್ಸಿನಲ್ಲಿ ಒಂದು ಶಾಖೆಯೇ ತೆರೆದುಬಿಟ್ಟಿತು. ಮಗ ಊಟದ ಹೊತ್ತಿಗೆ ಬಂದು ಹೋಗುವಷ್ಟು ಹತ್ತಿರ ಬರಬೇಕು. ಅವಳಿಗೆ ಬೇಕಾದದ್ದು ಇಷ್ಟೇ, ಇದು ನಿನಗೂ ಗೊತ್ತಿತ್ತು. ಗೊತ್ತಿದ್ದೇ ಎರಡನೇ ಪುಟ ಬರೆದೆ.

ಎರಡನೇ ಪುಟ ಓದುವಾಗ ನಾನು ಸ್ವಲ್ಪ ತಡವರಿಸಿದೆ. ಪುಸ್ತಕದ ಮುನ್ನುಡಿಯಲ್ಲಿ ‘ಮಾತುಗಳನ್ನು ಕೊಟ್ಟ ಯಾರೂ ಸಂಶೋಧಕನ ಬಂಧುಗಳಲ್ಲ’ ಎಂದು ನೀನು ಬರೆದುಬಿಟ್ಟಿದ್ದೀ, ಯಾಕೆಂದರೆ ನಿಮ್ಮಲ್ಲಿ ಬಂಧುಗಳ ಸಾಕ್ಷಿ ನಡೆಯುವುದಿಲ್ಲ. ಬಂಧುಗಳೇ ಎಂದು ಗೊತ್ತಾದರೆ ಹೋಗುವುದು ಕುರ್ಚಿ ಒಂದೇ ಅಲ್ಲ, ಹೆಸರಿನ ಮುಂದಿರುವ ಡಾಕ್ಟರೂ ಎದ್ದು ಹೋಗುತ್ತಾನೆ. ಆದ್ದರಿಂದ ಸಮಿತಿ ಇರುವಷ್ಟು ಹೊತ್ತು ಅವ್ವ ನಿನ್ನ ಅವ್ವನಾಗಿರಕೂಡದು, ನಾನು ಬರೀ ಊರಿನ ಶಾಲೆಯ ಮಾಸ್ತರಮ್ಮ, ಪಡಸಾಲೆಯ ಗೋಡೆಯ ಮೇಲಿನ ನಿನ್ನ ಪದವಿಯ ಫೋಟೋ ಇಳಿಸಿಡಬೇಕು. ಅವ್ವ ಎಲ್ಲ ಕೇಳಿಸಿಕೊಂಡು, “ಹಂಗಾರ ನಾ ಯಾರಂತ?” ಎಂದು ಕೇಳಿದಳು. ಪುಸ್ತಕ ತೆರೆದು ನೋಡಿ, ನೀನು ಇನ್‌ಫಾರ್ಮೆಂಟ್ ನಂಬರ್ ಒಂದು, ಅಂದರೆ ಮಾತು ಕೊಟ್ಟ ಮೊದಲನೆಯವಳು ಎಂದೆ. “ನೀನು?” ಎರಡು ಎಂದೆ. “ಹೋಗ್ಲಿ ಬಿಡು, ಒಂದನೇ ನಂಬರ್ ನನಗs ಕೊಟ್ಟಾನ” ಎಂದು ಸಮಾಧಾನಪಟ್ಟುಕೊಂಡಳು.

ನಿನ್ನ ಪುಸ್ತಕದ ಬಗ್ಗೆ ಎರಡು ಮಾತು ಹೇಳದಿದ್ದರೆ ಅಕ್ಕನ ಧರ್ಮಕ್ಕೆ ಚ್ಯುತಿ. ಅದು ಇಂಗ್ಲಿಷಿನಲ್ಲಿರುವುದರಿಂದ ನಿಮ್ಮ ಭಾವ ಅಂಗಡಿ ಗದ್ದಿಗೆಯ ಮೇಲೆ ನಿಘಂಟು ಇಟ್ಟುಕೊಂಡು ಇಪ್ಪತ್ತು ದಿನ ಓದಿ ನಮಗೆ ಕನ್ನಡದಲ್ಲಿ ಹೇಳಿದರು. ಆ ಇಪ್ಪತ್ತು ದಿನ ಗಿರಾಕಿಗಳು ಮೆಣಸು ಕೇಳಿದರೆ ಜೀರಿಗೆ ಕಟ್ಟಿಸಿಕೊಂಡು ಹೋದರು. ಕೃತಜ್ಞತೆಯ ಪುಟವನ್ನು ನಾನು ಎರಡು ಸಲ ಓದಿಸಿದೆ. ಗುರುಗಳು, ಗ್ರಂಥಾಲಯದವರು, ಬೆರಳಚ್ಚು ಮಾಡಿದವರು, ನಿನ್ನ ಮನೆಯ ಮಾಲೀಕನ ಹೆಂಡತಿ ಕೊಟ್ಟ ಕಾಫಿ, ಎಲ್ಲ ಇದೆ. ಗಾಣದ ಮನೆ, ಕುಂಬಾರರ ಓಣಿ, ಹರಿಗೋಲು ಹೆಣೆಯುವವರ ಗುಡಿಸಲು ತಿರುಗಿ, ಹುಡುಗಿಯರ ಹಳೆಯ ಕಾಪಿ ಪುಸ್ತಕದ ಹಾಳೆಗಳನ್ನು ಕತ್ತರಿಸಿ, ಸಾವಿರದ ನಾನೂರು ಚೀಟಿಯ ಮೇಲೆ ಮಾತುಗಳನ್ನು ಬರೆದು ಕಳಿಸಿದ ಹೆಂಗಸೊಬ್ಬಳಿದ್ದಳು. ಅವಳು ಅಡಿಟಿಪ್ಪಣಿಯಲ್ಲಿ ಸಿಕ್ಕಳು: ‘ಸ್ಥಳೀಯ ಸ್ತ್ರೀ, ಅಲ್ಪಸ್ವಲ್ಪ ಅಕ್ಷರಜ್ಞಾನವುಳ್ಳವಳು’. ಆ ಅಲ್ಪಸ್ವಲ್ಪ ಅಕ್ಷರಜ್ಞಾನದಿಂದಲೇ ನಿನಗೆ ಅ ಆ ಇ ಈ ತಿದ್ದಿಸಿದ್ದು, ಇರಲಿ. ಅವ್ವನನ್ನು ‘ಒಬ್ಬ ಮುದುಕಿ’ ಎಂದು ಬರೆದಿದ್ದೀ. ಅವಳ ಹೆಸರು ಮುದುಕಮ್ಮನೇ ಆದ್ದರಿಂದ ಹೆಸರಿನ ಮುಕ್ಕಾಲು ಪಾಲು ಪುಸ್ತಕದಲ್ಲಿ ಬಂದಂತಾಯಿತು ಎಂದು ನಿಮ್ಮ ಭಾವ ಲೆಕ್ಕ ಹಾಕಿದರು.

ಆಮೇಲೆ ನಾಲ್ಕನೇ ಅಧ್ಯಾಯ, ಅಗ್ಗೋಲು. ನಮ್ಮ ಮನೆಯ ರೊಟ್ಟಿ ಇಡುವ ಬುಟ್ಟಿಗೆ ಅಗ್ಗೋಲು ಎನ್ನುತ್ತೇವಲ್ಲ, ಆ ಮಾತು ನಾನು ಕಳಿಸಿದ ಚೀಟಿಗಳಲ್ಲಿ ಇರಲಿಲ್ಲ; ನೀನೇ ನೆನಪಿನಿಂದ ಸೇರಿಸಿದ್ದು. ನಲವತ್ತು ಪುಟ ಬರೆದಿದ್ದೀ! ಹಿಂದೆ ತುಂಗಭದ್ರೆಯ ದಂಡೆಯ ಜನ ಕಾಳು ತುಂಬುವ ಬುಟ್ಟಿಗೆ ಅಗ್ಗೋಲು ಎನ್ನುತ್ತಿದ್ದರು. ಒಂದು ದಿನ ಯಾರೋ ಪುಣ್ಯಾತ್ಮ ಅದಕ್ಕೆ ಚರ್ಮ ಹೊದಿಸಿ ನೀರಿಗೆ ಬಿಟ್ಟ. ಬುಟ್ಟಿ ದೋಣಿಯಾಯಿತು, ಅಗ್ಗೋಲು ಹರಿಗೋಲಾಯಿತು. ಹೀಗಾಗಿ ಊರೆಲ್ಲ ಆಡುವ ಹರಿಗೋಲು ಪಂಡಿತರು ತಿದ್ದಿದ ಮಾತು, ನಮ್ಮ ಬುಟ್ಟಿಯೇ ಮೂಲ. ಅದಕ್ಕೆ ತಮಿಳಿನಿಂದ ಒಂದು, ತುಳುವಿನಿಂದ ಒಂದು, ಯಾವುದೋ ಬೆಟ್ಟದ ಜನರ ಮಾತಿನಿಂದ ಒಂದು ಸಾಕ್ಷಿ. ಕೆಲವು ಶಬ್ದಗಳ ನೆತ್ತಿಯ ಮೇಲೆ ಸಣ್ಣ ನಕ್ಷತ್ರ. ಅದು ಬಹುಮಾನವಿರಬೇಕೆಂದು ನಾನು ತಿಳಿದಿದ್ದೆ. ನಿಮ್ಮ ಭಾವ ಹುಡುಕಿ ಹೇಳಿದರು: ನಕ್ಷತ್ರವಿರುವ ಮಾತನ್ನು ಯಾರಾದರೂ ಆಡಿದ್ದನ್ನು ಯಾರೂ ಕೇಳಿಲ್ಲ, ಆದರೆ ಯಾರೋ ಆಡಿರಲೇಬೇಕೆಂದು ಪಂಡಿತರು ನಂಬಿದ್ದಾರೆ. ಎಂಥ ಅನುಕೂಲದ ಗುರುತು! ಈ ಅಧ್ಯಾಯ ಮುಗಿದಾಗ ಅವ್ವ ನನ್ನ ಮುಖ ನೋಡಿದಳು, ನಾನು ಅವಳ ಮುಖ ನೋಡಿದೆ. ನಾನು ಬಾಯಿ ತೆರೆಯುವಷ್ಟರಲ್ಲಿ, “ಸುಮ್ನಿರು. ಹುಡುಗ ಅಷ್ಟು ಓದಿ ಕಂಡುಹಿಡದಾನ” ಅಂದಳು. ಯಾಕೆ ಸುಮ್ಮನಿರಬೇಕಾಯಿತೆಂದು ಆಮೇಲೆ ಹೇಳುತ್ತೇನೆ, ನೆನಪಿದ್ದರೆ.

ಸಮಿತಿ ಎಂದರೆ ಇಬ್ಬರು. ಒಬ್ಬರು ನಿಮ್ಮ ಬಿಳಿಯ ದೊಡ್ಡ ಪ್ರೊಫೆಸರು, ತಲೆಯ ಮೇಲೆ ಬುಟ್ಟಿಯಂಥ ಟೋಪಿ. ಇನ್ನೊಬ್ಬರು ಘಟ್ಟದ ಕೆಳಗಿನ ಯಾವುದೋ ಕಾಲೇಜಿನ ಕನ್ನಡ ಪಂಡಿತರು, ದುಭಾಷಿ ಕೆಲಸಕ್ಕೆ. ಹಂಪಿಯ ಕಲ್ಲುಗಳಿಗೆ ಎರಡು ದಿನ ಕೊಟ್ಟು, ಮಾತಾಡುವ ನಮಗೆ ಒಂದೂವರೆ ಗಂಟೆ ಕೊಟ್ಟರು. ಮೊದಲು ಹೊಳೆಗೆ ಹೋದರು, ನಿಮ್ಮ ಭಾವ ಜೊತೆಗೆ. ಅಂಬಿಗರ ಪಂಪಣ್ಣ ಹರಿಗೋಲು ಬೋರಲು ಹಾಕಿ ಟಾರು ಬಳಿಯುತ್ತಿದ್ದ. ಇದಕ್ಕೆ ಏನೆನ್ನುತ್ತೀ ಎಂದರೆ “ಹರಗೋಲ್ರಿ” ಎಂದ. ಅಗ್ಗೋಲು ಎಂಬ ಮಾತು ಕೇಳಿದ್ದೀಯಾ ಎಂದು ಪಂಡಿತರು ಕೇಳಿದರು. ಪಂಪಣ್ಣನಿಗೆ ಸುಳ್ಳು ಹೇಳಿಕೊಟ್ಟಿದ್ದೆವು, ಆದರೆ ಹೊಳೆಯಲ್ಲಿ ನಿಂತು ಸುಳ್ಳಾಡಬಾರದೆಂದು ಅವನ ವ್ರತ. “ಕೇಳೀನ್ರಿ, ಯಾಕ ಕೇಳಿಲ್ಲ? ಮುದುಕಮ್ಮಾರ ಮನ್ಯಾಗ ಅಂತಾರ್ರಿ. ಬ್ಯಾರೆ ಎಲ್ಲೂ ಅನ್ನಂಗಿಲ್ಲ” ಎಂದುಬಿಟ್ಟ. ನಿಮ್ಮ ಭಾವನ ಜೀವ ಹೋಗಿ ಬಂತಂತೆ. ಪಂಡಿತರು ಒಂದು ನಿಮಿಷ ತಲೆದೂಗಿ ಇಂಗ್ಲಿಷಿನಲ್ಲಿ ಹೇಳಿದರು: ‘ಮುದುಕಿಯರ ಮನೆಗಳಲ್ಲಿ ಮಾತ್ರ ಈ ಮಾತು ಉಳಿದಿದೆ ಎನ್ನುತ್ತಾನೆ’. ಪ್ರೊಫೆಸರು ಕೈ ಚಪ್ಪಾಳೆ ತಟ್ಟಿದರಂತೆ. ಹಳೆಯ ಮಾತು ಹೆಂಗಸರ ಬಾಯಲ್ಲಿ, ಅದರಲ್ಲೂ ಮುದುಕಿಯರ ಬಾಯಲ್ಲಿ ಕೊನೆಗೆ ಉಳಿಯುತ್ತದೆಂದು ನೀನು ಬರೆದದ್ದು ಸರಿಯಾಯಿತಲ್ಲ! ಅವ್ವನಿಗೆ ಆ ಹೆಸರಿಟ್ಟ ಅಜ್ಜನನ್ನು ಮುಂದಿನ ಪುಸ್ತಕದ ಕೃತಜ್ಞತೆಯಲ್ಲಿ ಸೇರಿಸು. ಸತ್ತವರು ಬಂಧುಗಳಾದರೂ ತೊಂದರೆಯಿಲ್ಲವೇನೋ.

ಅಲ್ಲಿಂದ ಮನೆಗೆ. ಅಂಗಳದಲ್ಲಿ ಶಾಲೆಯ ಎರಡು ಕುರ್ಚಿ ಹಾಕಿದ್ದೆ. ಅವ್ವ ಇಳಕಲ್ ಸೀರೆ ಉಟ್ಟು, ಹಣೆ ತುಂಬ ವಿಭೂತಿ ಹಚ್ಚಿ, ಕಂಬಕ್ಕೆ ಒರಗಿ ಕೂತಿದ್ದಳು. ಪಂಡಿತರು ಅಚ್ಚ ಪುಸ್ತಕದ ಕನ್ನಡದಲ್ಲಿ, ‘ತಾಯೀ, ರೊಟ್ಟಿಯನ್ನಿಡುವ ಸಾಧನವನ್ನು ತಾವು ಏನೆಂದು ಕರೆಯುತ್ತೀರಿ?’ ಎಂದರು. ಅವ್ವ, “ನಾ ಯಾಕ ಕರೀಲ್ರಿ? ಕರದ್ರ ಬರಾಕ ಅದಕ್ಕೇನ್ ಕಾಲದಾವೇನು?” ಅಂದಳು. ಆಮೇಲೆ ನನ್ನ ಕಡೆ ನೋಡಿ, ಪರೀಕ್ಷೆ ನೆನಪಾಗಿ, “ಅಗ್ಗೋಲ್ರಿ. ನಮ್ಮವ್ವನೂ ಅಗ್ಗೋಲು ಅಂತಿದ್ಲು, ಅವರವ್ವನೂ ಅಂತಿದ್ಲು” ಎಂದು ಎರಡು ತಲೆಮಾರು ಬಡ್ಡಿ ಸೇರಿಸಿದಳು. ಅವಳು ಅಷ್ಟು ಸಲೀಸಾಗಿ ಸುಳ್ಳು ಹೇಳಿದ್ದನ್ನು ನಾನು ಹುಟ್ಟಿದ ಮೇಲೆ ಕಂಡಿರಲಿಲ್ಲ.

ಪ್ರೊಫೆಸರು ಮೂಲಪದವನ್ನು ಕಣ್ಣಾರೆ ನೋಡಬೇಕೆಂದರು. ನಾನು ಒಳಗೆ ಹೋಗಿ ಬುಟ್ಟಿ ಎತ್ತಿದರೆ ಭಾರ. ಬಟ್ಟೆ ಸರಿಸಿ ನೋಡುತ್ತೇನೆ, ಮೇಲೆ ಆರು ಖಡಕ್ ರೊಟ್ಟಿ, ಕೆಳಗೆ ಕಟ್ಟು, ಗಾಜು ಸಮೇತ ನೀನು, ಕಪ್ಪು ನಿಲುವಂಗಿ ತೊಟ್ಟು, ಕೈಯಲ್ಲಿ ಕಾಗದದ ಸುರುಳಿ ಹಿಡಿದುಕೊಂಡು! ಫೋಟೋ ಇಳಿಸಿಡು ಎಂದರೆ ಅವ್ವ ಬಚ್ಚಿಟ್ಟಿದ್ದು ಅಲ್ಲಿ. ಬೇರೆಲ್ಲಿಟ್ಟರೂ ಇಲಿ ಕಡಿಯುತ್ತದಂತೆ. ಪಂಡಿತರು ಬಾಗಿಲಿಗೇ ಬಂದು ನಿಂತಿದ್ದರು, ತೆಗೆಯಲು ಎಡೆಯಿಲ್ಲ. ತಂದು ಇಟ್ಟೆ. ಪ್ರೊಫೆಸರು ಟೇಪು ಹಿಡಿದು ಅದರ ಬಾಯಿ ಅಳೆದರು, ಸುತ್ತಳತೆ ಅಳೆದರು, ಆಮೇಲೆ ಒಂದು ರೊಟ್ಟಿ ಮುರಿದು ಬಾಯಿಗಿಟ್ಟರು. ಅದು ಕಟಂ ಎಂದದ್ದು ಅವರಿಗೆ ಬಹಳ ಹಿಡಿಸಿತು. ಇನ್ನೊಂದು ತೆಗೆದರು. ನಾಲ್ಕು ಉಳಿದವು. ಪಂಡಿತರು ಸಂಕೋಚದಿಂದ ಒಂದು ತೆಗೆದುಕೊಂಡರು, ಮೂರು. ಪ್ರೊಫೆಸರು ಮತ್ತೆ ಕೈಹಾಕಿದರು, ಎರಡು. ಆ ಎರಡರ ಅಂಚಿನಲ್ಲಿ ನಿನ್ನ ಬೂಟು ಕಾಣುತ್ತಿತ್ತು ಚನ್ನಯ್ಯ. ಇಷ್ಟು ವರ್ಷ ಓದಿದ ಓದು ಎರಡು ಜೋಳದ ರೊಟ್ಟಿಯ ಮರೆಯಲ್ಲಿತ್ತು. ಅವ್ವ ಬಾಗಿ ಬಟ್ಟೆ ಎಳೆದು ಮುಚ್ಚಿ, “ಆ ಎರಡು ದೇವ್ರಿಗ್ರಿ” ಅಂದಳು. ಪಂಡಿತರು ಅದನ್ನು ಹಾಗೆಯೇ ತಿರುಗಿಸಿ ಹೇಳಿದರು, ಪ್ರೊಫೆಸರು ಗೌರವದಿಂದ ಕೈ ಹಿಂದೆಗೆದುಕೊಂಡರು.

ಇಲ್ಲಿಯವರೆಗೆ ನಗುತ್ತಾ ಬರೆದೆ. ಮುಂದಿನದನ್ನೂ ನಗುತ್ತಲೇ ಬರೆಯಬೇಕೆಂದಿದ್ದೆ, ಮೂರು ಸಲ ಕಾಗದ ಹರಿದೆ. ಕೊನೆಗೊಂದು ಫಾರಂ ತೆಗೆದರು. ಹೆಸರಿಗೆ ಜಾಗವಿರಲಿಲ್ಲ, ನಂಬರಿಗಿತ್ತು. ವಯಸ್ಸು, ಕುಲ, ಕಸುಬು, ಹುಟ್ಟಿದ ಊರು ಎಲ್ಲ ಆಯಿತು. ಆಮೇಲೆ ‘ಮಕ್ಕಳು’. ಪಂಡಿತರು ಕೇಳಿದರು. ಅವ್ವ, “ಒಬ್ಬಾಕಿ ಮಗಳ್ರಿ” ಅಂದಳು. ಗಂಡುಮಕ್ಕಳು? “ಇಲ್ರಿ.” ಅಷ್ಟಕ್ಕೆ ಮುಗಿಯಬೇಕಿತ್ತು. ಆದರೆ ಆ ಫಾರಮ್ಮಿನಲ್ಲಿ ‘ಹುಟ್ಟಿದ್ದು’ ಎಂದು ಒಂದು ಮನೆ, ‘ಉಳಿದಿದ್ದು’ ಎಂದು ಇನ್ನೊಂದು ಮನೆ ಇತ್ತು. ನಿಮ್ಮಲ್ಲಿ ಎಲ್ಲವನ್ನೂ ಎರಡು ಸಲ ಕೇಳುತ್ತಾರೆ. ಪಂಡಿತರು ಒಳ್ಳೆಯವರು, ಮೆಲ್ಲಗೆ ಕೇಳಿದರು, ಗಂಡು ಹುಟ್ಟಲೇ ಇಲ್ಲವೇ ತಾಯೀ ಎಂದು. ಅವ್ವನ ಕೈ ಬುಟ್ಟಿಯ ಅಂಚಿನ ಮೇಲಿತ್ತು. ತನ್ನ ಅವ್ವನ ಹೆಸರಿನಲ್ಲಿ, ಅಜ್ಜಿಯ ಹೆಸರಿನಲ್ಲಿ ಸುಳ್ಳು ಹೇಳಿದವಳಿಗೆ ಈ ಒಂದು ಸುಳ್ಳು ಮಾತ್ರ ಬರಲಿಲ್ಲ. ನಿನ್ನನ್ನು ಹೆರಲೇ ಇಲ್ಲ ಎನ್ನಲು ಅವಳಿಗೆ ಆಗಲಿಲ್ಲ. “ಹುಟ್ಟಿದ್ದ್ರಿ,” ಅಂದಳು. ಬುಟ್ಟಿಯ ಮೇಲಿನ ಬಟ್ಟೆ ಸರಿಮಾಡಿ, “ಹೋದ.”

ಪಂಡಿತರು ಬರೆದುಕೊಂಡರು: ಹುಟ್ಟಿದ್ದು ಎರಡು, ಉಳಿದಿದ್ದು ಒಂದು. ಪ್ರೊಫೆಸರಿಗೆ ಇಂಗ್ಲಿಷಿನಲ್ಲಿ ಹೇಳಿದರು. ಅವರು ಪಡಸಾಲೆಯ ಗೋಡೆಯ ಕಡೆ ನೋಡಿದರು. ಫೋಟೋ ಇದ್ದಲ್ಲಿ ಸುಣ್ಣ ಇನ್ನೂ ಬೆಳ್ಳಗೆ ಚೌಕವಾಗಿ ಉಳಿದಿತ್ತು, ಮೇಲೊಂದು ಮೊಳೆ. ನೋಡಿ ಏನು ತಿಳಿದುಕೊಂಡರೋ, ಕುರ್ಚಿಯಿಂದ ಎದ್ದು ಟೋಪಿ ತೆಗೆದು, ತಲೆ ತಗ್ಗಿಸಿ ನಿಂತರು. ಪಂಡಿತರೂ ಎದ್ದರು. ಗೊತ್ತಾಗದೆ ನಿಮ್ಮ ಭಾವನೂ ಎದ್ದರು. ಹೀಗೆ ನಿನ್ನ ವಿಶ್ವವಿದ್ಯಾನಿಲಯವು ನಮ್ಮ ಅಂಗಳದಲ್ಲಿ ನಿಂತು ನಿನಗೆ ಸಂತಾಪ ಸೂಚಿಸಿತು. ಯಾರೂ ಕಾಣದಿದ್ದರೂ ಪಂಡಿತರು ನಂಬಿಬಿಟ್ಟರಲ್ಲ, ನಕ್ಷತ್ರ ಹಾಕಲು ಅದಕ್ಕಿಂತ ಒಳ್ಳೆಯ ಮಾತು ನಿನಗೆ ಸಿಗಲಾರದು: ಅವ್ವನ ‘ಹೋದ’.

ಮೋಟಾರು ಹತ್ತುವಾಗ ಪಂಡಿತರು ನಿಮ್ಮ ಭಾವನ ಕಿವಿಯಲ್ಲಿ ಹೇಳಿ ಹೋದರಂತೆ, ಇನ್ನು ಸಂಶಯವಿಲ್ಲ, ಶಾಖೆ ಆಗುತ್ತದೆ, ಆ ಮುದುಕಿಯ ಸಾಕ್ಷಿ ಒಂದೇ ಸಾಕು ಎಂದು. ಪ್ರೊಫೆಸರು ಪ್ರತಿ ವರ್ಷ ಬಂದು ಅವಳನ್ನು ಕಾಣುತ್ತಾರಂತೆ. ಆದ್ದರಿಂದ ನಿನಗೆ ಅಭಿನಂದನೆಗಳು, ಕುರ್ಚಿ ನಿನ್ನದು. ಹೊಸಪೇಟೆಗೆ ಬಾ, ಸ್ಟೇಷನ್ನಿನ ಹತ್ತಿರ ಒಳ್ಳೆಯ ಮನೆಗಳಿವೆ. ಆದರೆ ಒಂದು ಸೂಕ್ಷ್ಮವನ್ನು ನಿಮ್ಮ ಭಾವ ಎತ್ತಿದ್ದಾರೆ, ನೀನೇ ಬಿಡಿಸಬೇಕು. ಕಂಪ್ಲಿಯ ಇನ್‌ಫಾರ್ಮೆಂಟ್ ನಂಬರ್ ಒಂದರ ಮನೆಗೆ ಶಾಖೆಯ ಮುಖ್ಯಸ್ಥರು ಊಟದ ಹೊತ್ತಿಗೆ ಬರುವುದಾದರೆ ಏನಾಗಿ ಬರುತ್ತಾರೆ? ಅವಳ ಮಗ ತೀರಿಹೋಗಿರುವುದು ಫಾರಮ್ಮಿನಲ್ಲಿ ದಾಖಲಾಗಿದೆ. ಅವ್ವನನ್ನು ಕೇಳಿದೆ. ಫೋಟೋ ಮತ್ತೆ ಗೋಡೆಗೆ ಹಾಕಲಾ ಎಂದೂ ಕೇಳಿದೆ. “ಬ್ಯಾಡ, ಅವ್ರು ಮತ್ತ ಬಂದ್ರ?” ಅಂದಳು. ಗುರೆಳ್ಳು ಪುಡಿಯ ಡಬ್ಬಿಯನ್ನು ಅಟ್ಟಕ್ಕೆ ಹಾಕಿದ್ದಾಳೆ.

ನಿನ್ನ ಮೇಲೆ ಕೋಪವಿದೆಯೇ ಎಂದು ನೀನು ಕೇಳುವವನಲ್ಲ, ಆದ್ದರಿಂದ ಉತ್ತರ ಬರೆಯುವುದಿಲ್ಲ. ಅವ್ವನ ಆಶೀರ್ವಾದ ಯಾವಾಗಲೂ ಇದ್ದಷ್ಟೇ ಇದೆ. ಅದಕ್ಕೆ ನಂಬರಿಲ್ಲ, ಫಾರಮ್ಮಿಲ್ಲ. ನಿಮ್ಮ ಭಾವನ ನಮಸ್ಕಾರ. ಪಂಪಣ್ಣ ನಿನ್ನ ಕ್ಷೇಮ ಕೇಳಿದ್ದಾನೆಂದು ತಿಳಿಸಲು ಹೇಳಿದ. ಕುತ್ತಿಗೆಗೆ ಶ್ರೀಗಂಧ ತೇಯ್ದು ಹಚ್ಚಿಕೋ.

ಇಂತು,
ಅಲ್ಪಸ್ವಲ್ಪ ಅಕ್ಷರಜ್ಞಾನವುಳ್ಳ ಸ್ಥಳೀಯ ಸ್ತ್ರೀ,
ನಿನ್ನ ಅಕ್ಕ ನೀಲಗಂಗಮ್ಮ

ತಾ. ಕ.: ಟಪಾಲಿನ ಚೀಲ ಕಟ್ಟುವ ಹೊತ್ತಾಯಿತು, ಬೇಗ ಬರೆಯುತ್ತೇನೆ. ಅವ್ವ ನನ್ನನ್ನು ಸುಮ್ಮನಿರು ಎಂದದ್ದು ಯಾಕೆಂದು ಹೇಳುವುದೇ ಉಳಿಯಿತು. ಅಗ್ಗೋಲು ಕಂಪ್ಲಿಯ ಮಾತಲ್ಲ, ಹೊಳೆಯ ಮಾತೂ ಅಲ್ಲ. ಆಗ ನಿನಗೆ ಎರಡೂವರೆ ವರ್ಷ, ನನಗೆ ಒಂಬತ್ತು. ನಿನ್ನನ್ನು ರೊಟ್ಟಿ ಬುಟ್ಟಿಯಲ್ಲಿ ಕೂಡಿಸಿ, ಹರಿಗೋಲು ಹರಿಗೋಲು ಎಂದು ಕೂಗುತ್ತಾ ಅಂಗಳದ ತುಂಬ ಎಳೆಯುತ್ತಿದ್ದೆ. ನಿನಗೆ ಹಕಾರವೂ ಬರುತ್ತಿರಲಿಲ್ಲ, ರಕಾರವೂ ಬರುತ್ತಿರಲಿಲ್ಲ. ‘ಅಗ್ಗೋಲು’ ಅಂದೆ. ಅವ್ವ ಹಿಟ್ಟಿನ ಕೈಯಲ್ಲೇ ನಿನ್ನನ್ನು ಎತ್ತಿಕೊಂಡು ನಕ್ಕಳು, ಅಂದಿನಿಂದ ನಮ್ಮ ಮನೆಯಲ್ಲಿ ಬುಟ್ಟಿಗೆ ಅದೇ ಹೆಸರು. ಮೂಲಪದ ನಿನ್ನದೇ, ಲೇ ಚನ್ನಾ. ಅದಕ್ಕೆ ನಕ್ಷತ್ರ ಬೇಕಿಲ್ಲ, ನಾನೇ ಕಿವಿಯಾರೆ ಕೇಳಿದ್ದೇನೆ. ಇನ್ನು ಮೂವತ್ತು ವರ್ಷದಲ್ಲಿ ಈ ಮಾತು ಅಳಿದುಹೋಗುತ್ತದೆಂದು ಪುಸ್ತಕದ ಕೊನೆಯಲ್ಲಿ ಬರೆದಿದ್ದೀಯಲ್ಲ, ಅದೊಂದನ್ನು ತಿದ್ದಿಕೋ. ಗುರುವಾರ ಮೋಟಾರು ಹೋದ ಮೇಲೆ ಅವ್ವ ಊಟಕ್ಕೆ ಕೂತು, “ಗಂಗಾ, ಆ ಬುಟ್ಟಿ ತಗೊಂಬಾ” ಅಂದಳು. ಇವತ್ತಿಗೆ ನಾಲ್ಕು ದಿನ. ಬುಟ್ಟಿ ಎಂದೇ ಅನ್ನುತ್ತಿದ್ದಾಳೆ.